ಅಮ್ಮನ ಫೋನ್ ರಿಪೇರಿಗೆ ಕೊಟ್ಟ ಮಧ್ಯಾಹ್ನ

ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ. ತೀರಿಕೊಂಡ ಅಮ್ಮನ ಧ್ವನಿ ಉಳಿದಿದ್ದದ್ದು ಅವಳ ಫೋನಿನಲ್ಲಿ ಮಾತ್ರ. ಅದು ಆನ್ ಆಗುವುದೇ ನಿಂತಿತ್ತು.

"ಬ್ಯಾಟರಿಗೆ ನನ್ನ ಥರಾನೇ ಹೊಟ್ಟೆ ಬಂದಿದೆ ತಂಗಿ," ಎಂದು ನಗುತ್ತಾ ರಿಪೇರಿ ಅಂಗಡಿಯ ಅಣ್ಣ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಹೊಸದನ್ನು ಹುಡುಕಲು ಒಳಕೋಣೆಗೆ ಹೋದರು.

ಅಷ್ಟು ಸೆಖೆಯಲ್ಲೂ ಮೇಜಿನ ಮೇಲಿದ್ದ ಫೋನ್ ಮುಟ್ಟಿದರೆ ಮಂಜಿನಂತೆ ತಣ್ಣಗಿತ್ತು. ಅದಕ್ಕೆ ಯಾವ ವೈರೂ ಸಿಕ್ಕಿಸಿರಲಿಲ್ಲ. ಪರದೆ ಬೆಳಗಿತು.

"ಪುಟ್ಟೀ, ಊಟ ಆಯ್ತಾ? ಬರೀ ಬರ್ಕೊಂಡೇ ಕೂತಿರ್ಬೇಡ," ಎಂದಳು ಅಮ್ಮ, ಹಳೆಯ ರೆಕಾರ್ಡಿಂಗಿನಲ್ಲಿ. ಅದನ್ನು ನನ್ನ ಫೋನಿಗೆ ರೆಕಾರ್ಡ್ ಮಾಡಿಕೊಂಡೆ. ವರ್ಷದ ಮೇಲೆ ಎದೆ ಹಗುರಾಯಿತು.

ಪರದೆ ಕಪ್ಪಾದ ಮೇಲೆ ಅಣ್ಣ ಬರಿಗೈಯಲ್ಲಿ ಹೊರಬಂದರು. "ಈ ಮಾಡೆಲ್‌ದು ಖಾಲಿ. ನಾಳೆ ತರಿಸ್ತೀನಿ ತಂಗಿ. ಬ್ಯಾಟರಿ ಇಲ್ದೆ ಇದು ತುಟಿ ಪಿಟಕ್ ಅನ್ನಲ್ಲ."

"ಅವಸರ ಇಲ್ಲ ಅಣ್ಣಾ," ಎಂದೆ.