ಮೊದಲ ಮಾತು ನುಂಗಬಾರದು

"ಏನು ಕಂಠ ಕಣಯ್ಯಾ!" ಎಂದು ನಾಟಕ ಮುಗಿದ ಮೇಲೆ ಜನ ತಮ್ಮನ ಕೈ ಕುಲುಕುವಾಗ, ಅಣ್ಣ ಸಭಾಂಗಣದ ಹಿಂಬದಿಯಲ್ಲಿ, ಮೈಕುಗಳ ದನಿ ಹದಮಾಡುವ ಮಿಕ್ಸರ್ ಮುಂದೆ ಕೂತು ಕೇಬಲ್ ಸುತ್ತುತ್ತಿರುತ್ತಿದ್ದ. ಆ ಕಂಠದಲ್ಲಿ ತಮ್ಮನದೆಷ್ಟು, ತನ್ನದೆಷ್ಟು ಎಂಬುದು ಅವನೊಬ್ಬನಿಗೇ ಗೊತ್ತು. ಮೂಗಿನಲ್ಲಿ ಗುಂಯ್‌ಗುಡುವ ಭಾಗವನ್ನು ಕತ್ತರಿಸಿ, ಎದೆಯ ಗಾಂಭೀರ್ಯವನ್ನು ಒಂದಿಷ್ಟು ತುಂಬಿ, ಸಾಲಿನ ಕೊನೆಗೆ ಉಸಿರು ಸೋತಾಗ ಬೆರಳ ತುದಿಯಿಂದ ಎತ್ತಿ ನಿಲ್ಲಿಸುತ್ತಿದ್ದವನು ಅವನೇ.

ಜನರದ್ದು ಬಿಡಿ, ಅಮ್ಮನೂ ಹಾಗೇ. "ನಮ್ಮಪ್ಪನ ಕಂಠ ಇವನಿಗೆ ಬಂತು ನೋಡು," ಎಂದು ತಮ್ಮನ ಗಂಟಲು ಸವರುವಳು. ಹಿರಿಯನ ಕಡೆ ತಿರುಗಿ, "ನೀನು ಬಿಡಪ್ಪ, ಗುಂಡಿ ಒತ್ತೋನು." ತಮಾಷೆಗೇ ಅಂದದ್ದು. ಚಿಕ್ಕಂದಿನಲ್ಲಿ ಆ ಮನೆಯಲ್ಲಿ ಹಾಡುತ್ತಿದ್ದವನು ಹಿರಿಯನೇ, ಗಂಟಲು ಒಡೆದ ಮೇಲೆ ಹಾಡು ನಿಂತಿತು ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಅವಳಿಗೆ ಈಗ ಕಿವಿ ಮಂದ. ಮುಂದಿನ ಸಾಲಿನ ಅವಳ ಕುರ್ಚಿಗೆ ಮಿಕ್ಸರಿನಿಂದ ಹೆಡ್‌ಫೋನ್ ತಂತಿ ಎಳೆದುಕೊಟ್ಟವನೂ ಹಿರಿಯನೇ. ಅದಕ್ಕೂ ತಕರಾರು: "ನೀನು ದನಿ ಏರಿಸೋಷ್ಟರಲ್ಲಿ ಚಿಕ್ಕೋನ ಮೊದಲ ಮಾತು ನುಂಗಿಹೋಗುತ್ತೆ ಕಣೋ." ಹಲ್ಲು ಕಚ್ಚಿ ಅದನ್ನೂ ಸರಿಪಡಿಸಿದ್ದ.

ನಾಟಕದ ಕೊನೆಯಲ್ಲಿ ನಾಯಕ ಬಾವಿಗೆ ಹಾರುತ್ತಾನೆ. ಬಾವಿಯೆಂದರೆ ವೇದಿಕೆಯಲ್ಲಿ ಕೊರೆದ ಕಿಂಡಿ. ಕೆಳಗೆ ಎರಡಾಳು ಆಳದ ನೆಲಮಾಳಿಗೆ, ಸಿಮೆಂಟು ನೆಲ, ಅದರ ಮೇಲೆ ದಪ್ಪ ಹಾಸಿಗೆ. ಹಾಸಿಗೆ ಹಾಸುವ ಮುದುಕನನ್ನು ತಂಡದವರೆಲ್ಲ ಕರೆಯುತ್ತಿದ್ದದ್ದೇ ಮರೆಗುಳಿ ಎಂದು. ಹೇಳಿದ್ದನ್ನು ಮರೆಯುವ, ಹೇಳದ್ದನ್ನು ಕೇಳಿಸಿಕೊಳ್ಳುವ ಖ್ಯಾತಿ ಅವನದು. ಅಣ್ಣನ ಯೋಜನೆಗೆ ಆ ಖ್ಯಾತಿಯೇ ತಳಪಾಯ. ಹಗ್ಗ ಕೊಯ್ಯಬೇಕಿಲ್ಲ, ಮೊಳೆ ಸಡಿಲಿಸಬೇಕಿಲ್ಲ. ಒಂದು ಮಾತು ಸಾಕು. ಮಾತಿಗೆ ಬೆರಳಚ್ಚು ಇರುವುದಿಲ್ಲ. ನಾಳೆ ಮುದುಕ ಎಷ್ಟು ಬಾಯಿ ಬಡಿದುಕೊಂಡರೂ ಅದು ನೀರ ಮೇಲಿನ ಬರಹ.

ಬಾವಿಯ ದೃಶ್ಯಕ್ಕೆ ಮುಂಚೆ ಮಾತಿಲ್ಲದ ನೃತ್ಯ, ಮುದ್ರಿಸಿದ ಸಂಗೀತ. ಆಗ ಮಿಕ್ಸರ್ ಬಿಟ್ಟು ಏಳಬಹುದು. ನೆಪ ಬದಲಿ ಮೈಕಿನದು. ತಮ್ಮನ ಮೈಕು ಕೈಕೊಟ್ಟರೆ ಇರಲೆಂದು ಇನ್ನೊಂದನ್ನು ಚಾಲೂ ಮಾಡಿ ವೇದಿಕೆಯ ಪಕ್ಕ ಇಡುವುದು ವಾಡಿಕೆ. ಹೊರಡುವ ಮುನ್ನ ಮಿಕ್ಸರಿನಲ್ಲಿ ಅದರ ದನಿ ಏರಿಳಿಸುವ ಜಾರುಗುಂಡಿಯನ್ನು, ಫೇಡರನ್ನು, ತಳದವರೆಗೂ ಜಾರಿಸಿದ. ಮ್ಯೂಟ್ ಗುಂಡಿ ಒತ್ತುವುದು ಅವನ ಜಾಯಮಾನವಲ್ಲ. ದನಿ ಟಕ್ಕನೆ ಸಾಯಬಾರದು, ಜಾರಿ ಮುಳುಗಬೇಕು. ಮೈಕನ್ನು ಜೇಬಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ.

"ಯಜಮಾನ್ರೇ, ಇವತ್ತು ಹಾರೋದಿಲ್ಲ. ತಮ್ಮಂಗೆ ಮಂಡಿ ನೋವು. ಹಾಸಿಗೆ ಸುತ್ತಿ ಗೋಡೆಗೆ ಒರಗಿಸ್ಬಿಡಿ."

"ಮತ್ತೆ ಬಾವಿ?"

"ಕಟ್ಟೆ ಮೇಲೆ ನಿಂತಾಗಲೇ ಪರದೆ. ಮೇಲೆ ಕರೀತಿದಾರೆ, ಹೋಗಿ."

"ನಂಗ್ಯಾರೂ ಹೇಳೇ ಇಲ್ವಲ್ಲ."

"ಬೆಳಿಗ್ಗೆನೇ ಹೇಳಿದ್ರು. ಮರ್ತಿದೀರ."

ಮುದುಕ ತಲೆ ಕೆರೆದುಕೊಂಡ. "ಇರಬಹುದು ಬಿಡಪ್ಪ. ಈ ತಲೇನ ನಾನೇ ನಂಬಲ್ಲ."

ಹಾಸಿಗೆ ಗೋಡೆ ಸೇರಿದ್ದನ್ನು ಕಣ್ಣಾರೆ ನೋಡಿಯೇ ಅಣ್ಣ ವಾಪಸಾದ. ನೃತ್ಯ ಇನ್ನೂ ನಡೆದಿತ್ತು. ಕುರ್ಚಿಯಲ್ಲಿ ಕೂರುವಾಗ ಒಂದು ವಿಚಿತ್ರ ಕಂಡಿತು: ಮುಂದಿನ ಸಾಲಿನಲ್ಲಿ ಅಮ್ಮ ವೇದಿಕೆಗೆ ಬೆನ್ನು ಮಾಡಿ, ಕತ್ತು ಹೊರಳಿಸಿ, ಕತ್ತಲಲ್ಲಿ ತನ್ನ ಕಡೆಗೇ ನೋಡುತ್ತಿದ್ದಾಳೆ. ಎಷ್ಟು ವರ್ಷದ ಮೇಲೆ! ತಾನೇ ನಾಚುವಷ್ಟು ಸುಖವಾಯಿತು. ಸಂಗೀತ ಇಳಿಸಿ, ತಮ್ಮನ ದನಿಯನ್ನು ಎಂದಿಗಿಂತ ಅಕ್ಕರೆಯಿಂದ ಏರಿಸಿದ. ಕೊನೆಯ ಸಲವಾದರೂ ಚೆನ್ನಾಗಿ ಕೇಳಲಿ.

ತಮ್ಮ ಬಾವಿಕಟ್ಟೆ ಹತ್ತಿದ. ಅಮ್ಮ ಹೆಡ್‌ಫೋನ್ ಕಿತ್ತೆಸೆದು ವೇದಿಕೆಯ ಅಂಚಿಗೆ ಓಡಿದಳು. "ಹಾರಬೇಡ ಚಿಕ್ಕೋನೇ! ಕೆಳಗೆ ಹಾಸಿಗೆ ಇಲ್ಲ! ನಿಮ್ಮಣ್ಣನೇ ಸುತ್ತಿಸಿದಾನೆ, ನನ್ನ ಕಿವಿಯಾರೆ ಕೇಳ್ದೆ!" ತಮ್ಮನ ಮೈಕು ಆ ಕೂಗನ್ನು ಹಿಡಿದು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ತಮ್ಮ ಕಟ್ಟೆಯ ಮೇಲೇ ಕಲ್ಲಾದ. ಇಡೀ ಸಭಾಂಗಣ ಹಿಂದಕ್ಕೆ ತಿರುಗಿತು. ಅಣ್ಣನ ಬೆರಳು ಬದಲಿ ಮೈಕಿನ ಫೇಡರಿಗೆ ಹೋಯಿತು; ಅದು ತಳದಲ್ಲೇ ಇತ್ತು. ಆಗ ನೆನಪಾಯಿತು. ಚಿಕ್ಕೋನ ಮೊದಲ ಮಾತು ನುಂಗಬಾರದೆಂದು ಅಮ್ಮನ ತಂತಿಯನ್ನು ಅವನೇ, ದನಿ ಫೇಡರುಗಳನ್ನು ಮುಟ್ಟುವ ಮೊದಲೇ ಸಿಗುವ ಕಡೆಯಿಂದ ಎಳೆದಿದ್ದ. ಮ್ಯೂಟ್ ಒತ್ತದ ಪ್ರತಿ ಮೈಕೂ, ಫೇಡರು ಎಲ್ಲೇ ಇರಲಿ, ನೇರ ಅವಳ ಕಿವಿಗೇ. ಜೇಬಿನಲ್ಲಿ ಬದಲಿ ಮೈಕಿನ ಹಸಿರು ದೀಪ ಇನ್ನೂ ಉರಿಯುತ್ತಿತ್ತು.