ಹದಿನೇಳು ಪಕ್ಕೆಲುಬು

“ಯಾವ ಕತ್ತೆ ಮಾಡಿದ್ದು ಇದನ್ನ?”

ರಿಪೇರಿಗೆ ಬಂದ ಬೋಗ್ದಾನ್ ನಮ್ಮ ಮನೆಯಲ್ಲಿ ಆಡಿದ ಮೊದಲ ಮಾತು ಇದು. ಹಾಲ್‌ನಲ್ಲಿ, ಮನೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರ್ ಮುಂದೆ ಮಂಡಿಯೂರಿ, ಅದರ ಮೇಲೆ ಕೈಯಿಟ್ಟು, ತಲೆ ಅಲ್ಲಾಡಿಸುತ್ತಿದ್ದ. ನಮ್ಮ ಜೆಮುನ್ ಊರಿನಲ್ಲಿ ಯಾವ ಮೇಸ್ತ್ರಿ ಬಂದರೂ ಮೊದಲು ಹಿಂದಿನ ಮೇಸ್ತ್ರಿಯನ್ನು ಬಯ್ಯುತ್ತಾನೆ, ಆಮೇಲೆ ಕಾಫಿ ಕುಡಿಯುತ್ತಾನೆ, ಕೆಲಸ ಏನಿದ್ದರೂ ಅದಾದ ಮೇಲೆ. ಅದು ನನಗೂ ಗೊತ್ತು. ಆದರೂ ಕಾಫಿಗೆ ಹಚ್ಚಿದ್ದ ಒಲೆಯನ್ನು ಆರಿಸಿಬಿಟ್ಟೆ.

“ನಮ್ಮಪ್ಪ,” ಅಂದೆ. “ತೀರಿಕೊಂಡು ಎರಡು ವರ್ಷ ಆಯ್ತು.”

ಅವನ ಕಿವಿಗಳು ಕೆಂಪಾದವು. ಚೆಂದದ ಕಿವಿಗಳು. ಅದನ್ನೂ ಗಮನಿಸಿದೆನಲ್ಲ ಅಂತ ನನಗೆ ಇನ್ನಷ್ಟು ಸಿಟ್ಟು ಬಂತು. ಬಾಗಿಲು ತೋರಿಸಿದೆ.

ಸಿಟ್ಟಿಗೆ ಮನೆ ಬೆಚ್ಚಗಾಗುವುದಿಲ್ಲವಲ್ಲ. ಬಾಯ್ಲರು ಒಂದೇ, ಬಿಸಿನೀರು ಒಂದೇ. ಆದರೆ ಹಾಲಿನಲ್ಲಿ ಅಮ್ಮ ಕೋಟು ಹಾಕಿಕೊಂಡು ಟೀವಿ ನೋಡುತ್ತಾಳೆ, ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡು ಮಲಗುತ್ತೇನೆ. ಮಂಚ ಕೂಡ ಹಿಡಿಸದ ಮೂಲೆಯ ಪುಟ್ಟ ಕೋಣೆಯಲ್ಲಿ ಮಾತ್ರ ಸುಡು ಬೇಸಿಗೆ. ಅಲ್ಲಿ ಇರುವುದು ಅಮ್ಮ ಚಳಿಗಾಲಕ್ಕೆ ತುಂಬಿಟ್ಟ ಕೆಂಪು ಮೆಣಸಿನಕಾಯಿ ಗೊಜ್ಜಿನ ಜಾಡಿಗಳು. ಪ್ರತಿ ವರ್ಷ ನಾಲ್ಕಾರು ಹುಳಿ ಬಂದು ಮುಚ್ಚಳ ಹಾರಿಸುತ್ತವೆ. ನೆಲಮಾಳಿಗೆಗೆ ಸಾಗಿಸೋಣ ಅಂದರೆ ಅಮ್ಮ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಶೆಲ್ಫು ಅಪ್ಪ ಹೊಡೆದದ್ದು, ಜಾಡಿ ಅಲ್ಲೇ ಇರಬೇಕು.

ಆ ವಾರ ಐದನೇ ಜಾಡಿ ಸಿಡಿದಾಗ ಅಮ್ಮ ರೇಗಿದಳು. “ಆ ಹುಡುಗನ್ನ ವಾಪಸ್ ಕರಿ ದುನ್ಯಾ. ನಿನ್ನ ರೋಷ ಹೊದ್ಕೊಂಡು ಮಲಗೋಕಾಗಲ್ಲ ನನಗೆ.”

ಶನಿವಾರ ಬಂದ. ಹೊಸ್ತಿಲ ಆಚೆಯೇ ನಿಂತ.

“ಈ ಸಲ ಬಾಯಿ ಬಿಡಲ್ಲ.”

“ಕೆಲಸಕ್ಕೆ ಬಾಯಿ ಬೇಕಿಲ್ಲ ಮೇಸ್ತ್ರಿಗಳೇ.”

“ಕಾಫಿಗೆ ಬೇಕಾಗುತ್ತೆ.”

“ಅದು ಕೆಲಸ ನೋಡಿ ಆಮೇಲೆ.”

ನೀರು ಇಳಿಸಿದ, ವಾಲ್ವು ಬಿಚ್ಚಿದ, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿದ. ನಾನು ಕೈಕಟ್ಟಿಕೊಂಡು ಹಿಂದೆಯೇ ಕಾವಲು ನಿಂತೆ.

“ಹಾಗೆ ದುರುಗುಟ್ಟಿ ನೋಡಿದ್ರೆ ಕೈ ನಡುಗುತ್ತೆ.”

“ನಾನು ನಟ್ಟು ನೋಡ್ತಿದ್ದೀನಿ.”

“ನಟ್ಟು ಈ ಕಡೆ ಇದೆ. ಅದು ನನ್ನ ಕಿವಿ.”

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ.

ಸ್ವಲ್ಪ ಹೊತ್ತಿಗೆ ಪುಟ್ಟ ಕೋಣೆಯಿಂದ ಕರೆದ. ಜಾಡಿಗಳ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ರೇಡಿಯೇಟರಿನ ಒಂದೊಂದು ಕಬ್ಬಿಣದ ಎಸಳಿಗೆ ನಾವು ಪಕ್ಕೆಲುಬು ಅನ್ನುತ್ತೇವೆ; ಅವು ಹೆಚ್ಚಿದ್ದಷ್ಟೂ ಬಿಸಿ ಹೆಚ್ಚು. ಅವನ್ನೇ ಬೆರಳಲ್ಲಿ ಎಣಿಸುತ್ತಿದ್ದ.

“ಹಾಲಲ್ಲಿ ಐದು, ನಿಮ್ಮ ರೂಮಲ್ಲಿ ನಾಲ್ಕು. ಈ ಗೂಡಲ್ಲಿ ಹದಿನೇಳು. ಬಣ್ಣ ನೋಡಿ. ಬಿಳಿ ಐದು ಇಲ್ಲಿಯವೇ. ಹಸಿರು ಏಳು ಹಾಲಿನವು. ಕೆನೆ ಬಣ್ಣದವು ನಿಮ್ಮ ರೂಮಿನವು.”

ಅಪ್ಪನಿಗೆ ಬಣ್ಣದ ಅಂದಾಜಿಲ್ಲ ಅಂತ ವರ್ಷಗಟ್ಟಲೆ ನಕ್ಕಿದ್ದೇನೆ.

“ಅವತ್ತು ನಾನು ಅಂದಿದ್ದು ತಪ್ಪು,” ಅಂದ. “ಇದು ಗೊತ್ತಿಲ್ಲದೆ ಮಾಡಿದ ಕೆಲಸ ಅಲ್ಲ, ಬೇಕಂತಲೇ ಮಾಡಿದ್ದು. ಈ ಕೋಣೇಲಿ ಯಾರಿದ್ರು?”

ಉತ್ತರ ಬಾಗಿಲಿಂದ ಬಂತು. ಅಮ್ಮ ಕೋಟಿನಲ್ಲೇ ನಿಂತಿದ್ದಳು.

“ಇವಳೇ. ಏಳು ತಿಂಗಳಿಗೇ ಹುಟ್ಟಿದ್ದು, ಜನವರೀಲಿ. ಮಗು ಬೆಚ್ಚಗಿರಬೇಕು ಅಂದ್ರು ಡಾಕ್ಟ್ರು. ಇವಳಪ್ಪ ಮನೆಯೆಲ್ಲ ಬಿಚ್ಚಿ ತಂದು ಇಲ್ಲಿ ಕೂಡಿಸಿದ್ರು. ತೊಟ್ಟಿಲು ಇಲ್ಲಿ, ನಾವಿಬ್ಬರೂ ಹಾಲಲ್ಲಿ ಕೋಟು ಹಾಕ್ಕೊಂಡು.”

“ಆಮೇಲೆ ಯಾಕೆ ಸರಿಮಾಡಲಿಲ್ಲ?” ಅಂದೆ.

“ಮಾಡ್ತೀನಿ ಮಾಡ್ತೀನಿ ಅಂತಲೇ ಮೂವತ್ತು ವರ್ಷ ಹೋಯ್ತು.”

ನಗು, ಅಳು ಎರಡೂ ಒಟ್ಟಿಗೆ ಬಂದವು. ಬೋಗ್ದಾನ್ ಜೇಬಿನಿಂದ ಬಟ್ಟೆ ತೆಗೆದು ಕೊಟ್ಟ. ಗ್ರೀಸ್ ಒರೆಸುವ ಬಟ್ಟೆ. ಮುಖವೆಲ್ಲ ಕಪ್ಪಾಯಿತು.

“ನೀವು ಬೇಡ ಅಂದ್ರೆ ಇದನ್ನ ಮುಟ್ಟಲ್ಲ,” ಅಂದ ಮೆಲ್ಲಗೆ. “ಹಾಲಿಗೆ ಎಲ್ಲಿಂದಾದ್ರೂ ಬೇರೆ ಹುಡುಕಿ ತರ್ತೀನಿ.”

ಅಪ್ಪನ ಕೆಲಸವನ್ನು ಹೀಗೆ ಅನುಮತಿ ಕೇಳಿ ಮುಟ್ಟುವವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ.

“ಬಿಚ್ಚಿ. ಅಪ್ಪ ಬಾಕಿ ಬಿಟ್ಟ ಕೆಲಸ ಅದು,” ಅಂದೆ.

ಸಂಜೆ ಹೊತ್ತಿಗೆ ಹಸಿರು ಪಕ್ಕೆಲುಬು ಎರಡು ಮಾತ್ರ ಉಳಿದಿದ್ದವು. ಕಾಫಿ ಮಾಡಿದೆ. ಅವನು ಆ ಪುಟ್ಟ ಬಟ್ಟಲನ್ನು ಅರ್ಧ ಗಂಟೆ ಕುಡಿದ.

“ಬೇರೆ ಏನಾದ್ರೂ ಕೆಟ್ಟಿದ್ಯಾ?”

“ಇಲ್ಲ.”

“ಸರಿಯಾಗಿ ನೋಡಿ. ಹಳೇ ಮನೆ, ಏನಾದ್ರೂ ಇದ್ದೇ ಇರುತ್ತೆ.”

“ಇಲ್ಲ ಅಂದ್ನಲ್ಲ.”

ಅವನು ಬಟ್ಟಲು ಕೆಳಗಿಟ್ಟ. “ನನ್ನ ಮನೇಲಿ ಎಲ್ಲ ರೂಮೂ ಒಂದೇ ಸಮ ಬೆಚ್ಚಗಿದೆ ದುನ್ಯಾ. ಒಂದು ಕಂಪ್ಲೇಂಟ್ ಇಲ್ಲ. ಕಂಪ್ಲೇಂಟ್ ಮಾಡೋಕೆ ಅಲ್ಲಿ ಯಾರೂ ಇಲ್ಲ. ನೀವು ನನ್ನ ಆಚೆ ಹಾಕಿದ ದಿನದಿಂದ, ದಿನಾ ನಿಮ್ಮ ಹತ್ರ ಬೈಸಿಕೊಂಡು ಇದ್ದುಬಿಡೋಣ ಅನ್ನಿಸ್ತಿದೆ.”

“ಇಷ್ಟು ಹೇಳೋಕೆ ಮನೆ ಪೂರ್ತಿ ಬಿಚ್ಚಬೇಕಿತ್ತಾ?”

“ಬಿಚ್ಚದಿದ್ರೆ ಕಾಫಿ ಕೊಡ್ತಿರಲಿಲ್ಲ ನೀನು.”

ಆ ‘ನೀನು’ ನಮ್ಮಿಬ್ಬರಿಗೂ ಕೇಳಿಸಿತು. ನಾನು ತಿದ್ದಲಿಲ್ಲ. ಅವನ ಕೈಯ ಗ್ರೀಸ್ ನನ್ನ ಬೆರಳಿಗೂ ಹತ್ತಿತು.

ಆಮೇಲೆ ಸ್ಪ್ಯಾನರ್ ಎತ್ತಿಕೊಂಡು ಎದ್ದ, ಉಳಿದೆರಡನ್ನು ಬಿಚ್ಚಲು.

“ಅವೆರಡು ಅಲ್ಲೇ ಇರಲಿ,” ಹಾಲಿನಿಂದ ಅಮ್ಮ ಕೂಗಿದಳು.

“ಜಾಡಿ ಮತ್ತೆ ಸಿಡಿಯುತ್ತೆ ಅಮ್ಮಾ,” ಅಂದ ಅವನು.

“ಜಾಡಿಗಳು ನಾಳೆ ನೆಲಮಾಳಿಗೆಗೆ ಹೋಗ್ತವೆ. ತೊಟ್ಟಿಲಿದ್ದ ಕೋಣೆ ಅದು, ಖಾಲಿ ಮಾಡಿಡಬೇಕು.”

ಬೋಗ್ದಾನ್ ನನ್ನನ್ನು ನೋಡಿದ. ಕಿವಿಗಳು ಮತ್ತೆ ಕೆಂಪು.

“ಹಾಲಿಗೆ ಎರಡು ಕಮ್ಮಿ ಆಗುತ್ತಲ್ಲ,” ಅಂದ ತೊದಲುತ್ತ.

“ಆಗಲಿ ಬಿಡು,” ಅಂದಳು ಅಮ್ಮ. “ಕೋಟು ಹಾಕ್ಕೊಂಡು ನನಗೆ ಅಭ್ಯಾಸ ಇದೆ.”