ಕುರ್ಚಿ ಇಲ್ಲೇ ಇದೆ, ನನ್ನದಲ್ಲ!

"ಇದು ನನ್ನ ಕುರ್ಚಿ ಅಲ್ಲ!"

ಹೊಸ ವರ್ಷದ ಮೊದಲ ಬೆಳಿಗ್ಗೆ ಕಾಫಿ ಹಿಡಿದು ಕೂತ ಎಪ್ಪತ್ತೊಂಬತ್ತರ ಎಲ್ನಾ, ಕೆಂಡ ತುಳಿದವಳಂತೆ ಎದ್ದು ನಿಂತಳು.

ಅದೇ ಬಾಗಿದ ಬೆನ್ನು, ಅದೇ ಓಕ್ ಮರ, ಕಾಗದ ಹೊಸೆದ ಹುರಿಯಿಂದ ಹೆಣೆದ ಅದೇ ಆಸನ. ಡೆನ್ಮಾರ್ಕಿನ ಈ ಸ್ವೆನ್‌ಬೋರ್ಗ್ ಊರಿನಲ್ಲಿ ಮನೆ ಬಿಟ್ಟು ಮನೆಗೆ ಇಂಥದೇ ಕುರ್ಚಿ. ಐವತ್ತು ವರ್ಷವಾದರೂ ಜನಕ್ಕೆ ಅದರ ಹುಚ್ಚು ಬಿಟ್ಟಿಲ್ಲ. ಆದರೆ ಎಲ್ನಾಳ ಕುರ್ಚಿಯ ಆಸನ ಹೆಣೆದವನು ತೀರಿಹೋದ ಅವಳ ಗಂಡ.

"ಕುರ್ಚಿ ಅದೇ ಅತ್ತೆ. ಕೆಟ್ಟಿರೋದು ನಿಮ್ಮ ತಲೆ," ಎಂದ ಅಳಿಯ ಪ್ರೇಬೆನ್. ಹೆಂಡತಿ ಬೋದಿಲ್ ಕಡೆ ತಿರುಗಿದ: "ವೃದ್ಧಾಶ್ರಮದ ಅರ್ಜಿ ತಂದಿಟ್ಟಿದ್ದೀನಲ್ಲ, ಇವತ್ತೇ ತುಂಬಿಬಿಡೋಣ."

ಎಲ್ನಾ ಕಾಫಿ ಲೋಟ ಕುಕ್ಕಿದಳು. ನೇರ ಪಕ್ಕದ ಮನೆಗೆ ಹೋಗಿ ಟೋರ್ಕಿಲ್‌ನನ್ನು ಎಳೆದುಕೊಂಡೇ ಬಂದಳು. ಅವನು ಮೂವತ್ತು ವರ್ಷ ಪೊಲೀಸ್ ಆಗಿದ್ದವನು. ಹಿಡಿದದ್ದೆಲ್ಲ ಸೈಕಲ್ ಕಳ್ಳರನ್ನೇ.

ಟೋರ್ಕಿಲ್ ಮಂಡಿಯೂರಿ ಕುರ್ಚಿಯನ್ನು ಮೂಸಿದ.

"ಎಲ್ನಕ್ಕ, ಮರಕ್ಕೆ ಎಣ್ಣೆ ಹಚ್ತೀರಾ?"

"ಎಣ್ಣೆನಾ? ಥೂ! ಸೋಪಿನ ನೀರು, ಅಷ್ಟೇ!"

"ಇದು ಎಣ್ಣೆ ವಾಸನೆ ಹೊಡೀತಿದೆ. ಹಾಗಾದ್ರೆ ಅಕ್ಕನ ತಲೆ ನೆಟ್ಟಗಿದೆ. ರಾತ್ರಿ ಯಾರ್ಯಾರು ಇದ್ರು?"

"ಹನ್ನೊಂದು ಜನ. ಬೆಳಗಿನ ಕಾಫಿಗೆ ಅಂತ ಉಳಕೊಂಡವರು ಇವರಿಬ್ಬರು, ನನ್ನ ತಮ್ಮ ಓರ್ಲಾ. ಗೂಟ ಸಾಲದೆ ಸೋಫಾ ತುಂಬ ಕೋಟುಗಳ ಗುಡ್ಡೆ, ಕೂರೋಕೂ ಜಾಗ ಇರ್ಲಿಲ್ಲ. ಎಲ್ಲರೂ ಹೊರಡೋವರೆಗೂ ಹಾಗೇ!"

"ಹನ್ನೆರಡು ಹೊಡೆದಾಗ ನಮ್ಮ ಪದ್ಧತಿಯಂತೆ ಎಲ್ಲರೂ ಎತ್ತರದಿಂದ ಹೊಸ ವರ್ಷಕ್ಕೆ ಜಿಗಿದ್ರಲ್ಲ — ಯಾರು ಯಾವುದರ ಮೇಲಿಂದ?"

"ನಾನು ಸ್ಟೂಲಿಂದ," ಎಂದಳು ಬೋದಿಲ್.

"ಮಂಡಿ ನೋವಪ್ಪ, ಹೊಸ್ತಿಲಿಂದ ಇಳಿದೆ," ಎಂದ ಓರ್ಲಾ.

"ಸೋಫಾದಿಂದ," ಎಂದ ಪ್ರೇಬೆನ್.

ಟೋರ್ಕಿಲ್ ಮೀಸೆಯಲ್ಲೇ ನಕ್ಕ. "ಕೋಟಿನ ಗುಡ್ಡೆ ತುಳಕೊಂಡಾ? ಅಕ್ಕ ಆಗಲೇ ಹೇಳಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಬೋದಿಲ್, ಕುರ್ಚಿಗೆ ಎಣ್ಣೆ ಹಚ್ಚೋ ಮನೆ ಯಾವುದಮ್ಮ?"

"ನ... ನಮ್ಮದೇ!"

"ಎಲ್ಲರೂ ಟೀವಿ ಗಡಿಯಾರ ನೋಡ್ತಿದ್ರು. ಈ ಮಹಾರಾಯ ಅಕ್ಕನ ಕುರ್ಚಿ ಹತ್ತಿದ. ಕಾಲು ಒಳಗೆ! ಎಲ್ಲರೂ ಪಟಾಕಿ ನೋಡೋಕೆ ಹೊರಗೆ ಓಡಿದಾಗ, ಎರಡು ಬೀದಿಯಾಚೆಯ ತನ್ನ ಮನೆಯಿಂದ ಕುರ್ಚಿ ತಂದು ಬದಲಾಯಿಸಿದ. ಪ್ರೇಬೆನ್, ಕಾರಿನ ಡಿಕ್ಕಿ ತೆಗಿ."

ಡಿಕ್ಕಿಯಲ್ಲಿತ್ತು ಎಲ್ನಾಳ ಕುರ್ಚಿ. ಆಸನದ ನಡುವೆ ಬೂಟಿನಷ್ಟೇ ದೊಡ್ಡ ತೂತು.

"ಅತ್ತೆ ಅಳ್ತಾರೆ ಅಂತ..." ತೊದಲಿದ ಪ್ರೇಬೆನ್.

"ಅದಕ್ಕೆ ನನಗೆ ಅರಳುಮರಳು ಅಂದ್ಯಾ?"

ಗಂಡ ಹೆಣೆದ ಹುರಿಯ ತುಂಡನ್ನು ಸವರುತ್ತ ಎಲ್ನಾ ಅತ್ತೇಬಿಟ್ಟಳು. ಆಮೇಲೆ ಮೂಗೊರೆಸಿಕೊಂಡು ಅಳಿಯನನ್ನು ನೋಡಿದಳು.

"ನೂರಿಪ್ಪತ್ತು ಮೀಟರ್ ಹುರಿ ಬೇಕು. ನಾನು ಹೇಳ್ಕೊಡ್ತೀನಿ, ನೀನು ಹೆಣಿ. ಮುಗಿಯೋವರೆಗೂ ಈ ಮನೇಲಿ ನಿನಗೆ ನಿಂತುಕೊಂಡೇ ಕಾಫಿ. ಆ ಅರ್ಜಿ ಎಲ್ಲಿ? ತಾ."

"ಯಾಕತ್ತೆ?"

"ಅದೂ ಕಾಗದಾನೇ ಕಣೋ. ಹೊಸಿ. ಮೊದಲ ಸುತ್ತು ಅದರಿಂದಲೇ!"